ದೋಣಿಯ ಸುತ್ತಲ ನೀರು: ಸೋಲ್ವಿನ್ಸ್‌ನ ಎಚಿಂಗ್‌ಗಳು ಮತ್ತು ಮಲಪ್ರಭೆಯ ಹರಿಗೋಲು

ಆಂಟ್ವರ್ಪಿನ ಬಾಲ್ತಜಾರ್ ಸೋಲ್ವಿನ್ಸ್ ಕಡಲಚಿತ್ರಗಳಲ್ಲಿ ಪಳಗಿದವನು. 1791ರಲ್ಲಿ ಕಲ್ಕತ್ತೆಗೆ ಬಂದ. ಬಂಗಾಳದ ಜನಜೀವನ ಕುರಿತ ಅವನ ಎಚಿಂಗ್‌ಗಳ ಪ್ಯಾರಿಸ್ ಆವೃತ್ತಿ 1808ರಿಂದ 1812ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರಬಂತು. ಅದರಲ್ಲಿ ದಿನಬಳಕೆಯ ದೋಣಿಗಳೂ ಇವೆ. ರಾಬರ್ಟ್ ಹಾರ್ಡ್‌ಗ್ರೇವ್ 2001ರಲ್ಲಿ ಅವುಗಳ ಮೇಲೆಯೇ ಒಂದು ಪುಸ್ತಕ ಬರೆದರು. ಈ ಚಿತ್ರಗಳು ದಾಖಲೆಗಳೆಂಬುದರಲ್ಲಿ ಈಗ ವಿವಾದವಿಲ್ಲ.

ವಿವಾದವಿರುವುದು ದಾಖಲೆಯ ಗಡಿ ಯಾವುದು ಎಂಬಲ್ಲಿ. ಜೇಮ್ಸ್ ಹಾರ್ನೆಲ್ 1920ರ ತಮ್ಮ ಪ್ರಬಂಧದಲ್ಲಿ ಭಾರತದ ದೋಣಿಗಳ ಮೂಲವನ್ನು ಅವುಗಳ ಕಟ್ಟಣೆಯಲ್ಲಿ ಹುಡುಕಿದರು. ಆ ದಾರಿಯಲ್ಲಿ ನಡೆದರೆ ಒಡಲಷ್ಟೇ ಸಾಕ್ಷಿ, ನೀರು ಬರಿಯ ಹಿನ್ನೆಲೆ. ಇದನ್ನು ನಾನು ಒಪ್ಪಲಾರೆ. ಕಾರಣ ನಮ್ಮ ಹೊಳೆಯಲ್ಲೇ ಇದೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ, ರಾಮದುರ್ಗಗಳನ್ನು ಹಾಯ್ದು ಕೂಡಲಸಂಗಮ ಸೇರುತ್ತದೆ. ಬೇಸಿಗೆಯಲ್ಲಿ ಬಂಡೆ ತೋರುವ ಈ ಹೊಳೆ ಮಳೆಗಾಲದಲ್ಲಿ ದಡ ಮೀರುತ್ತಿತ್ತು. 1800ರ ಜುಲೈ 30ರಂದು ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಮುನವಳ್ಳಿಯ ಬಳಿ ಬಂಡಾಯಗಾರ ಧೋಂಡಿಯಾ ವಾಘನ ಪಾಳೆಯದ ಮೇಲೆ ಬಿದ್ದಾಗ ಎಷ್ಟೋ ಜನ ತುಂಬಿದ ಹೊಳೆಯಲ್ಲಿ ಮುಳುಗಿದರು. ಇಂಥ ನೀರಿಗೆ ತಕ್ಕುದಾಗಿದ್ದುದು ಹರಿಗೋಲು: ಬಿದಿರ ಹೆಣಿಗೆ, ಹೊರಗೆ ತೊಗಲು, ತಳಗಂಬವಿಲ್ಲದ ದುಂಡು ಒಡಲು. ದಡದ ಮೇಲೆ ಬೋರಲಿಟ್ಟರೆ ಅದು ಬರಿಯ ಬುಟ್ಟಿ. ಅಂಬಿಗ ಮುಂದೆ ಕೂತು ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುವಾಗ, ಗಿರಕಿ ಹೊಡೆಯಬಯಸುವ ಒಡಲನ್ನು ಸೆಳವಿಗೆ ಎದುರಾಗಿ ಹಿಡಿದಿಡುವಾಗ, ಅದು ದೋಣಿಯಾಗುತ್ತದೆ. ಅಳತೆ ತೆಗೆದುಕೊಂಡವನಿಗೆ ಈ ಅರ್ಧ ಸಿಗುವುದಿಲ್ಲ.

ಎಚಿಂಗ್‌ನ ಕುಶಲತೆ ಇಲ್ಲಿ ನೆರವಿಗೆ ಬರುತ್ತದೆ. ತಾಮ್ರದ ಮೇಲಿನ ಮೇಣದ ಲೇಪವನ್ನು ಸೂಜಿಯಿಂದ ಗೀರಿದಲ್ಲಿ ಆಮ್ಲ ಕೊರೆಯುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಗೆರೆ ಆಳವಾಗಿ ಕಪ್ಪಾಗುತ್ತದೆ. ನೀರಿನ ಮೇಲಿನ ಬೆಳಕು ಮಾತ್ರ ಗೀರದೆ ಉಳಿದ ಜಾಗ, ಕಾಗದದ್ದೇ ಬಿಳುಪು. ಹಾಗಾಗಿ ಒಡಲ ಬದಿಯಲ್ಲಿ ಗೆರೆ ಎಲ್ಲಿ ಒತ್ತಾಗಿರಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಚಿತ್ರಕಾರ ಪ್ರತಿ ಸಲ ತೀರ್ಮಾನಿಸಲೇಬೇಕು. ಸೋಲ್ವಿನ್ಸ್‌ನ ನೀರಗೆರೆಗಳು ದೋಣಿಯ ಹೊರೆ, ಮುಳುಗಿದ ಆಳ, ಹರಿವಿನ ದಿಕ್ಕು ಇವುಗಳಿಗೆ ಸಾಕ್ಷಿಯಾಗಬಲ್ಲವು ಎಂಬುದು ನನ್ನ ವಾದ.

ಈ ವಾದವನ್ನು ಬಿಗಿಯಾಗಿ ಮಿತಿಗೊಳಿಸಬೇಕು. ಕಡಲಚಿತ್ರದ ತರಬೇತಿ ಕೈಗೆ ಸಿದ್ಧ ಅಲೆಗಳನ್ನೂ ಕೊಡುತ್ತದೆ. ಕಲ್ಕತ್ತೆಯ ಹೂಗ್ಲಿ ನದಿಯಲ್ಲಿ ಭರತ-ಇಳಿತಗಳಿವೆ, ಮಲಪ್ರಭೆಯಲ್ಲಿಲ್ಲ. ಒಂದರ ಗೆರೆಯಿಂದ ಇನ್ನೊಂದನ್ನು ಓದಲಾಗದು. ಎಲ್ಲ ಫಲಕಗಳಲ್ಲೂ ನೀರು ಒಂದೇ ರೀತಿ ಇದ್ದರೆ ಅದು ರೂಢಿಯ ಕೈಚಳಕ. ದೋಣಿ ಬದಲಾದಂತೆ ಬದಲಾದರೆ ಮಾತ್ರ ಅವಲೋಕನ. ಸೋಲ್ವಿನ್ಸ್ 1790ರ ದಶಕದಲ್ಲಿ ಕಲ್ಕತ್ತೆಯಲ್ಲಿ ಮೊದಲು ಅಚ್ಚು ಹಾಕಿದ ಬಣ್ಣದ ಎಚಿಂಗ್‌ಗಳನ್ನೂ ಪ್ಯಾರಿಸ್ಸಿನ ಫಲಕಗಳನ್ನೂ ದೋಣಿಗೊಂದರಂತೆ ಎದುರುಬದುರು ಇಟ್ಟು ಈ ಪರೀಕ್ಷೆ ನಡೆಸಬೇಕಾಗಿದೆ.