ವಾಕ್ ಮತ್ತು ಶ್ರವಣ ವಿಜ್ಞಾನದ ಓದು: ಗಡಿನಾಡಿನ ವಿದ್ಯಾರ್ಥಿಗಳಿಗೆ ಪರಿಚಯ

ಮಾತು ತಡವಾದ ಮಕ್ಕಳು, ಕಿವಿ ಕೇಳಿಸದವರು, ತೊದಲುವವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು, ಇವರೆಲ್ಲರ ತಪಾಸಣೆ ಮತ್ತು ಚಿಕಿತ್ಸೆಯನ್ನು ಕಲಿಸುವ ಶಾಸ್ತ್ರ ಇದು. ನಮ್ಮ ಭಾಗದ ವಿದ್ಯಾರ್ಥಿಗಳಲ್ಲಿ ಇದರ ಹೆಸರು ಕೇಳಿದವರು ಕಡಿಮೆ.

ದೇಶದಲ್ಲಿ ಈ ವಿಷಯಕ್ಕೆ ಹೆಸರಾದ ಕೇಂದ್ರ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆ 1965ರಲ್ಲಿ ಆರಂಭವಾಯಿತು. ಪದವಿ ಕೊಡುವುದು ಮೈಸೂರು ವಿಶ್ವವಿದ್ಯಾನಿಲಯ. ಕೇಂದ್ರ ಆರೋಗ್ಯ ಸಚಿವಾಲಯದ ಅಡಿಯಲ್ಲಿರುವುದರಿಂದ ಹೊರರಾಜ್ಯದವರೂ ಅರ್ಜಿ ಹಾಕಬಹುದು. ಪದವಿ ಕೋರ್ಸಿನ ಹೆಸರು ಬಿ.ಎ.ಎಸ್‌.ಎಲ್‌.ಪಿ. ಮೂರು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿರಬೇಕು. ಪ್ರವೇಶದ ನಿಯಮ ಆಗಾಗ ಬದಲಾಗುತ್ತದೆ, ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ. ಬೇರೆ ಕಾಲೇಜು ಸೇರುವವರು ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಓದಿದ್ದು ವ್ಯರ್ಥ.

ಇದು ಪುಸ್ತಕದಲ್ಲಿ ಮುಗಿಯುವ ಓದಲ್ಲ. ಕಿವಿಯ ರಚನೆ, ಧ್ವನಿಶಾಸ್ತ್ರ, ಭಾಷಾಶಾಸ್ತ್ರ, ಮನಶ್ಶಾಸ್ತ್ರಗಳ ಜೊತೆಗೆ ಚಿಕಿತ್ಸಾಲಯದಲ್ಲಿ ಮಗುವಿನ ಎದುರು ಕುಳಿತು ಮಾತಾಡಿಸಬೇಕು. ಗಡಿಯವರ ಬಲ ಇರುವುದು ಅಲ್ಲೇ.

ಒಂದು ಉದಾಹರಣೆ. ತಾಳವಾಡಿಯ ಕಡೆಯ ಮಗು 'ಹಾಲು' ಎನ್ನದೆ 'ಆಲು' ಎಂದರೆ ಅದು ದೋಷವಲ್ಲ, ಮನೆಯ ಆಡುಮಾತು. ಮೂರು ವರ್ಷದ ಮಗು 'ರೊಟ್ಟಿ'ಯನ್ನು 'ಲೊಟ್ಟಿ' ಎಂದರೆ ವಯಸ್ಸಿಗೆ ಸಹಜ. ಏಳು ವರ್ಷವಾದರೂ ಹಾಗೇ ಇದ್ದರೆ ಪರೀಕ್ಷಿಸಬೇಕು. ಕನ್ನಡ ತಿಳಿಯದವರಿಗೆ ಈ ಮೂರೂ ಒಂದೇ ಆಗಿ ಕೇಳಿಸಬಹುದು. ಕನ್ನಡದ ಉಚ್ಚಾರಣೆಗೆಂದೇ ಸಿದ್ಧಪಡಿಸಿದ ಪರೀಕ್ಷೆ 1972ರಷ್ಟು ಹಿಂದೆಯೇ ಮೈಸೂರಿನಿಂದ ಬಂದದ್ದು ಸುಮ್ಮನೆ ಅಲ್ಲ.

ಎರಡು ಭಾಷೆ ಕಲಿಸಿದ್ದಕ್ಕೇ ಮಾತು ತಡವಾಯಿತು, ಮನೆಯಲ್ಲಿ ಕನ್ನಡ ಬಿಡಿ ಎಂಬ ಸಲಹೆ ಕಾಸರಗೋಡಿನಲ್ಲೂ ಸೊಲ್ಲಾಪುರದಲ್ಲೂ ಪೋಷಕರ ಕಿವಿಗೆ ಬೀಳುತ್ತಿರುತ್ತದೆ. ಇದಕ್ಕೆ ಶಾಸ್ತ್ರದ ಆಧಾರವಿಲ್ಲ. ನಿಜವಾದ ಭಾಷಾ ತೊಂದರೆಯಿದ್ದರೆ ಅದು ಎರಡೂ ಭಾಷೆಗಳಲ್ಲಿ ಕಾಣುತ್ತದೆ. ಶಾಲೆಯ ಮಲಯಾಳದಲ್ಲೋ ಮರಾಠಿಯಲ್ಲೋ ಮಾತ್ರ ಹಿಂದಿದ್ದರೆ, ಆ ಭಾಷೆ ಮಗುವಿಗೆ ಇನ್ನೂ ಸಾಕಷ್ಟು ಕೇಳಸಿಕ್ಕಿಲ್ಲ ಎಂದರ್ಥ. ಇದನ್ನು ಬೇರ್ಪಡಿಸಲು ಎರಡೂ ಭಾಷೆಯಲ್ಲಿ ಮಾತಾಡಿಸಬಲ್ಲವರು ಬೇಕು. ಪಾರ್ಶ್ವವಾಯುವಿನ ನಂತರವೂ ಹಾಗೆಯೇ: ಒಂದು ಭಾಷೆ ಮೊದಲು ಮರಳಿ, ಇನ್ನೊಂದು ಹಿಂದುಳಿಯುವುದುಂಟು. ಅಜ್ಜನ ಕನ್ನಡವನ್ನು ಪರೀಕ್ಷಿಸದೆ ಮಾತು ಹೋಯಿತು ಎನ್ನಲಾಗದು.

ಮುಂಬಯಿ, ಸಿಕಂದರಾಬಾದ್, ತಿರುವನಂತಪುರಗಳಲ್ಲೂ ಈ ಓದಿಗೆ ಸರ್ಕಾರಿ ಸಂಸ್ಥೆಗಳಿವೆ. ಮಂಗಳೂರಿನಲ್ಲಿ ಖಾಸಗಿ ಕಾಲೇಜುಗಳಿವೆ. ದೂರ, ಖರ್ಚು ನೋಡಿ ಆಯ್ದುಕೊಳ್ಳಿ. ಆದರೆ ಕನ್ನಡ ಮಾತಾಡುವ ರೋಗಿಗಳು ನಿತ್ಯ ಬರುವ ಮೈಸೂರು, ಮಂಗಳೂರುಗಳಲ್ಲಿ ಕೈ ಪಳಗುವ ಬಗೆಯೇ ಬೇರೆ ಎಂಬುದು ನಮ್ಮ ಅಭಿಪ್ರಾಯ.

ಪೋಷಕರಿಗೂ ಒಂದು ಮಾತು: ಶಿಶುವಿನ ಶ್ರವಣ ಪರೀಕ್ಷೆ ಒಂದು ತಿಂಗಳೊಳಗೆ, ತೊಂದರೆಯ ನಿರ್ಣಯ ಮೂರು ತಿಂಗಳೊಳಗೆ, ಚಿಕಿತ್ಸೆ ಆರು ತಿಂಗಳೊಳಗೆ ಶುರುವಾಗಬೇಕು. 'ಅಪ್ಪನೂ ತಡವಾಗಿಯೇ ಮಾತಾಡಿದ್ದ' ಎಂದು ಕಾಯುತ್ತ ಕೂರಬೇಡಿ.