ನಿಂತ ರಂಜಕ, ನಡೆದ ಉಪ್ಪು

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಕೃಷ್ಣಾ ತೀರದ ಎರೆಮಣ್ಣು ದಖ್ಖನ್ನಿನ ಲಾವಾ ಶಿಲೆ ಸವೆದು ಆದದ್ದು. ಅದರಲ್ಲಿ ಜೇಡಿ ಹೆಚ್ಚು, ಸುಣ್ಣವೂ ಹೆಚ್ಚು. ಇಂಥ ಮಣ್ಣಿನಲ್ಲಿ ಬೆಳೆದ ಪೈರಿನೊಳಗಿನ ರಂಜಕದಲ್ಲಿ ನೆಲದ್ದೆಷ್ಟು, ಗೊಬ್ಬರದ ಚೀಲದಿಂದ ಬಂದದ್ದೆಷ್ಟು ಎಂಬುದನ್ನು ಸಾಮಾನ್ಯ ರಾಸಾಯನಿಕ ಪರೀಕ್ಷೆ ಬೇರ್ಪಡಿಸಲಾರದು. ಅದಕ್ಕೆ ಗುರುತಿರುವ ಪರಮಾಣು ಬೇಕು.

1923ರಲ್ಲಿ ಹಂಗೇರಿಯ ಜಾರ್ಜ್ ಡಿ ಹೆವೆಶಿ ದ್ವಿದಳ ಜಾತಿಯ ಗಿಡದ ಬೇರಿಗೆ ವಿಕಿರಣಶೀಲ ಸೀಸ ಉಣಿಸಿ, ಅದು ಕಾಂಡಕ್ಕೂ ಎಲೆಗೂ ಏರಿದ್ದನ್ನು ಅಳೆದರು. ಆದರೆ ಸೀಸ ಯಾವ ಬೆಳೆಗೂ ಆಹಾರವಲ್ಲ. 1934ರಲ್ಲಿ ಕೃತಕ ವಿಕಿರಣಶೀಲತೆ ಪತ್ತೆಯಾದ ಮೇಲೆ ಕೈಗೆ ಸಿಕ್ಕ ರಂಜಕ-32 ಕೃಷಿಗೆ ನಿಜವಾಗಿ ಒದಗಿತು. ಅದರ ಅರ್ಧಾಯುಷ್ಯ ಸುಮಾರು 14 ದಿನ. ಜೋಳದ ಮೊದಲ ಬೆಳವಣಿಗೆಗೆ ಅಷ್ಟು ಸಾಕು, ವರ್ಷವಿಡೀ ನಿಲ್ಲುವ ಕಬ್ಬನ್ನು ಕೊನೆತನಕ ಹಿಂಬಾಲಿಸಲು ಸಾಲದು. 1956ರ ಆಗಸ್ಟಿನಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರ್ ಚಾಲನೆಗೊಂಡು, ಇಂಥ ವಿಕಿರಣಶೀಲ ಐಸೊಟೋಪ್‌ಗಳ ತಯಾರಿಕೆಗೆ ದೇಶದೊಳಗೇ ದಾರಿಯಾಯಿತು.

ಗುರುತು ಹಾಕಿದ ಸೂಪರ್ ಫಾಸ್ಫೇಟ್ ಬಳಸಿ ನೋಡಿದಾಗ, ರಂಜಕ ಬಿದ್ದಲ್ಲಿಂದ ಹೆಚ್ಚು ದೂರ ಸರಿಯದೆಂಬುದು ಸ್ಪಷ್ಟವಾಯಿತು. ಸುಣ್ಣದ ಮಣ್ಣಿನಲ್ಲಿ ಅದು ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. ಎರಚುವುದನ್ನು ಬಿಟ್ಟು ಬೀಜದ ಸಾಲಿನ ಪಕ್ಕದಲ್ಲೇ ಗೊಬ್ಬರ ಕೊಡಬೇಕೆಂಬ ಸಲಹೆಗೆ ಇದೇ ಆಧಾರ.

ಕ್ಲೋರೈಡಿನ ನಡತೆ ತದ್ವಿರುದ್ಧ. ಜೇಡಿಕಣಕ್ಕೂ ಅದಕ್ಕೂ ಋಣ ವಿದ್ಯುದಂಶವಿರುವುದರಿಂದ ಮಣ್ಣು ಅದನ್ನು ಹಿಡಿಯುವುದಿಲ್ಲ, ನೀರು ಹೋದಲ್ಲಿಗೆ ಅದೂ ಹೋಗುತ್ತದೆ. ನಿಪ್ಪಾಣಿ ಸೀಮೆಯ ತಂಬಾಕಿಗೆ ಇದು ಸಣ್ಣ ವಿಷಯವಲ್ಲ. ಕ್ಲೋರೈಡ್ ಹೆಚ್ಚಾದ ಎಲೆ ಸರಿಯಾಗಿ ಉರಿಯದು. ಮಣ್ಣಿನೊಳಗೆ ನೀರಿನ ಜಾಡು ಹಿಡಿಯಲು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಬಳಸಿತು. ಬೇರಿನ ಕೆಳಗೆ ಅದನ್ನು ಚುಚ್ಚಿಟ್ಟು, ಮಳೆಗಾಲದ ನಂತರ ಎಷ್ಟು ಆಳಕ್ಕಿಳಿದಿದೆ ಎಂದು ನೋಡುವ ವಿಧಾನವದು.

ಕೃಷ್ಣಾ ತೀರದಲ್ಲಿ ಉಪ್ಪಿನ ಪ್ರಯಾಣ ನೋಡಲು ಯಾವ ಉಪಕರಣವೂ ಬೇಕಾಗಲಿಲ್ಲ. 1939ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಕಬ್ಬು ಹಬ್ಬಿತು, ಹೊಳೆಯ ನೀರು ಪಂಪಿನಲ್ಲಿ ಹೊಲಕ್ಕೆ ಏರಿತು. ಬಸಿಯಲು ತಡಮಾಡುವ ಎರೆಯಲ್ಲಿ ಅಂತರ್ಜಲ ಬೇರಿನ ಮಟ್ಟಕ್ಕೆ ಬಂತು. ಬಿಸಿಲಿಗೆ ನೀರು ಆರಿ, ಹೊತ್ತು ತಂದ ಉಪ್ಪು ಮೇಲೆ ಬೆಳ್ಳಗೆ ಉಳಿಯಿತು. ರೈತರು ಇದನ್ನೇ ಸವಳು-ಜವಳು ಎನ್ನುತ್ತಾರೆ. ಉಗಾರ ಬುದ್ರುಕದಲ್ಲಿ ರಂಧ್ರವಿರುವ ಪೈಪುಗಳನ್ನು ನೆಲದೊಳಗೆ ಹೂತು ಉಪ್ಪುನೀರು ಬಸಿದು ಹೋಗುವಂತೆ ಮಾಡಲಾಯಿತು. ಇಂಥ ಪೈಪುಗಳಲ್ಲಿ ಉಪ್ಪಿನ ಜೊತೆ ನೈಟ್ರೇಟೂ ಹೊರಗೆ ಹರಿಯುತ್ತದೆ. ರಂಜಕ ಬಹುಪಾಲು ಹೊಲದಲ್ಲೇ ಉಳಿಯುತ್ತದೆ.