ನಮ್ಮ ಸೀಮೆಯ ಮೂರು ವಾಹನಗಳು

ಇತಿಹಾಸವೆಂದರೆ ರಾಜರ ಹೆಸರು, ಯುದ್ಧದ ಇಸವಿ ಎಂದೇ ಓದಿ ಪರೀಕ್ಷೆ ಬರೆದವರು ನಾವು. ಜನ ಏನನ್ನು ಏರಿ ಹೊಳೆ ದಾಟಿದರು, ಸರಕನ್ನು ಯಾವುದರ ಮೇಲೆ ಹೇರಿದರು ಎಂಬುದೂ ಇತಿಹಾಸವೇ. ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರು ಸುತ್ತಿನ ನಮ್ಮ ಸೀಮೆಯಲ್ಲಿ ಇದಕ್ಕೆ ಮೂರು ಸಾಕ್ಷಿಗಳಿವೆ. ಒಂದು, ಎಂದೂ ಚಲಿಸದ ರಥ. ಎರಡನೆಯದು, ಗಿರಗಿರ ತಿರುಗುತ್ತಲೇ ದಡ ಸೇರುವ ಹರಿಗೋಲು. ಮೂರನೆಯದು, ನಮ್ಮ ಕಣ್ಣೆದುರೇ ಮೆರೆದು ಒಮ್ಮೆಲೇ ನಿಂತ ಅದಿರಿನ ಲಾರಿ.

ಓಡದ ರಥ

ವಿಠಲ ದೇವಸ್ಥಾನದ ಕಲ್ಲಿನ ರಥ ಇಂದು ಎಲ್ಲರ ಜೇಬಿನಲ್ಲೂ ಇದೆ. 2017ರಲ್ಲಿ ಬಂದ 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿರುವ ಚಿತ್ರ ಅದೇ. ನಾವು ರಥ ಎಂದು ಕರೆದರೂ ಅದು ಗರುಡನ ಗುಡಿ. ವಿಷ್ಣುವಿನ ವಾಹನಕ್ಕೆ ಕಟ್ಟಿದ ಮನೆಯನ್ನೇ ಶಿಲ್ಪಿಗಳು ವಾಹನದ ರೂಪದಲ್ಲಿ ಕಡೆದರು. ಒಂದೇ ಬಂಡೆಯಲ್ಲಿ ಕೆತ್ತಿದ್ದು ಎಂದು ಹಲವರು ನಂಬಿದ್ದಾರೆ. ಆದರೆ ಅದು ಹಲವು ಕಲ್ಲುಗಳ ಜೋಡಣೆ. ಸಂದು ಸುಲಭಕ್ಕೆ ಕಾಣದಂತೆ ಕೂಡಿಸಿದ್ದಾರೆ, ಅಷ್ಟೆ.

ಮುಂದೆ ನಿಂತಿರುವ ಆನೆಗಳು ಮೂಲದವಲ್ಲ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲದ ಗುರುತು ಇನ್ನೂ ಉಳಿದಿದೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರವೂ ಕಾಣುತ್ತದೆ; ಈಗ ಅದಿಲ್ಲ. ಚಕ್ರಗಳು ಹಿಂದೆ ಅಚ್ಚಿನ ಮೇಲೆ ತಿರುಗುತ್ತಿದ್ದವು. ಬಂದವರೆಲ್ಲ ತಿರುಗಿಸಿ ಸವೆಸತೊಡಗಿದಾಗ ಅವು ಅಲುಗದಂತೆ ಭದ್ರಪಡಿಸಿದರು. ಇಂದು ಆ ರಥವನ್ನು ನೋಡಲು ಹೋಗುವವರನ್ನು ಕರೆದೊಯ್ಯುವುದು ಹೊಗೆಯಿಲ್ಲದ, ಸದ್ದಿಲ್ಲದ ಬ್ಯಾಟರಿ ಗಾಡಿ. ಅದನ್ನು ಓಡಿಸುವವರಲ್ಲಿ ನಮ್ಮ ಹೆಣ್ಣುಮಕ್ಕಳಿದ್ದಾರೆ ಎಂಬುದು ಸಂತೋಷದ ಮಾತು.

ತಿರುಗುವ ಹರಿಗೋಲು

ಮೂರರಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವುದು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಎತ್ತು ಕುದುರೆಗಳನ್ನೂ ಸಾಗಿಸುತ್ತಾರೆ ಎನ್ನುತ್ತಾನೆ. ಹುಟ್ಟು ಹಾಕಿದರೂ ಅದು ನೇರ ಹೋಗದೆ ಸುತ್ತುತ್ತಲೇ ಇರುತ್ತದೆ ಎಂಬುದನ್ನೂ ಗಮನಿಸಿದ್ದಾನೆ. ಐನೂರು ವರ್ಷ ಕಳೆದರೂ ಆ ವರ್ಣನೆಯಲ್ಲಿ ಬದಲಿಸಬೇಕಾದದ್ದು ಹೆಚ್ಚೇನಿಲ್ಲ. ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಹಾಗೇ ಇದೆ.

ಈ ಆಕಾರ ಅಜ್ಞಾನದಿಂದ ಬಂದದ್ದಲ್ಲ. ತುಂಗಭದ್ರೆಯ ಒಡಲು ತುಂಬ ಬಂಡೆ. ಉದ್ದ ದೋಣಿ ಬಂಡೆಗೆ ಅಡ್ಡ ಸಿಕ್ಕಿದರೆ ಮಗುಚಬಹುದು, ಒಡೆಯಬಹುದು. ದುಂಡಗಿನದು ತಾಗಿದರೆ ಒಂದು ಸುತ್ತು ತಿರುಗಿ ಜಾರಿಕೊಳ್ಳುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ. ಸೆಳವು ಕೆಳಗೆ ಒಯ್ದರೆ ಅಂಬಿಗ ಸಣ್ಣ ಹರಿಗೋಲನ್ನು ತಲೆಯ ಮೇಲೆ ಕವುಚಿಕೊಂಡು ದಡದಗುಂಟ ಮೇಲಕ್ಕೆ ನಡೆದುಬರುತ್ತಾನೆ. ಎಂಜಿನಿಯರಿಂಗ್ ಓದಿದ ನಾನು ಖಚಿತವಾಗಿ ಹೇಳಬಲ್ಲೆ: ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ಮಾಡುವ ಯಂತ್ರ ಅಪರೂಪ.

ಇದರ ಬಂಧುಗಳು ಜಗತ್ತಿನಲ್ಲಿ ಬೇರೆಡೆಯೂ ಇದ್ದಾರೆ. ಬ್ರಿಟನ್ನಿನ ವೇಲ್ಸ್ ಸೀಮೆಯಲ್ಲಿ ಮೀನುಗಾರರ ಪುಟ್ಟ ಹರಿಗೋಲುಗಳಿವೆ. ಸುಮಾರು 2,400 ವರ್ಷಗಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬ್ಯಾಬಿಲೋನಿನ ಇಂಥದೇ ದೋಣಿಯ ಸ್ವಾರಸ್ಯ ಹೇಳಿದ್ದಾನೆ. ಅಲ್ಲಿಯ ವ್ಯಾಪಾರಿ ದೋಣಿಯಲ್ಲಿ ಒಂದು ಕತ್ತೆಯನ್ನೂ ಏರಿಸಿಕೊಳ್ಳುತ್ತಿದ್ದ. ಊರು ಮುಟ್ಟಿ ಸರಕು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ವಾಪಸಾಗುತ್ತಿದ್ದ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಕೂಡ 1803ರ ಮರಾಠಾ ಯುದ್ಧದಲ್ಲಿ ದಖ್ಖನಿನ ಹೊಳೆಗಳನ್ನು ದಾಟಲು ಇಂಥ ಬುಟ್ಟಿ ದೋಣಿಗಳನ್ನೇ ನೆಚ್ಚಿದ್ದ.

ಆದರೆ ಹರಿಗೋಲಿನ ಕತೆ ಬರೀ ಸ್ವಾರಸ್ಯದ್ದಲ್ಲ. ಹಂಪಿಯಿಂದ ಆನೆಗುಂದಿ ಕಣ್ಣಳತೆಯಲ್ಲೇ ಇದೆ. ರಸ್ತೆ ಹಿಡಿದರೆ ಹತ್ತಾರು ಕಿಲೋಮೀಟರು. ಸಂತೆಗೆ, ಹೊಲಕ್ಕೆ, ಆಸ್ಪತ್ರೆಗೆ, ಶಾಲೆಗೆ ಹೋಗುವವರು ಅಂಬಿಗರನ್ನು ನಂಬಿಯೇ ದಾಟಬೇಕಿತ್ತು. ಹೊಳೆ ತುಂಬಿದರೆ ಅದೂ ಇಲ್ಲ. ಹೀಗಾಗಿ ಸೇತುವೆ ಬೇಕು ಎಂಬ ಕೂಗು ಎದ್ದದ್ದು ಸಹಜ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪಿಯನ್ನು, ಇಲ್ಲಿ ಕಟ್ಟುತ್ತಿದ್ದ ಸೇತುವೆಗಳ ಕಾರಣಕ್ಕೆ 1999ರಲ್ಲಿ ಯುನೆಸ್ಕೊ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು, 2006ರಲ್ಲಿ ತೆಗೆಯಿತು. ತಳವಾರಘಟ್ಟದ ಬಳಿ ವರ್ಷಗಟ್ಟಲೆ ಎಳೆದಾಡಿದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆಯಾದದ್ದು ಆಮೇಲೆ. ಇತ್ತ ಕಂಪ್ಲಿಯಲ್ಲಿ, ಜಲಾಶಯದಿಂದ ಭಾರಿ ನೀರು ಬಿಟ್ಟಾಗ ಗಂಗಾವತಿ ದಾರಿಯ ಸೇತುವೆ ಈಗಲೂ ಮುಳುಗುತ್ತದೆ. ಸ್ಮಾರಕ ಉಳಿಯಬೇಕು, ದಡದ ಜನರ ಬದುಕೂ ನಡೆಯಬೇಕು. ಇವೆರಡರ ನಡುವೆ ಇಷ್ಟು ಕಾಲ ಜನರನ್ನು ದಾಟಿಸಿದ ಅಂಬಿಗರಿಗೆ ಮಾತ್ರ ಯಾವ ಪಟ್ಟಿಯಲ್ಲೂ ಜಾಗ ಸಿಗಲಿಲ್ಲ.

ಕೆಂಪು ಲಾರಿ

ಮೂರನೆಯ ವಾಹನ ನಮ್ಮ ತಲೆಮಾರಿನದು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಂಡೂರಿನ ಬೆಟ್ಟಗಳಿಂದ ಹಗಲೂ ರಾತ್ರಿ ಲಾರಿಗಳು ಇಳಿದವು. ರಸ್ತೆ, ಮರ, ಒಣಹಾಕಿದ ಬಟ್ಟೆ, ಹೊಲದ ಬೆಳೆ ಎಲ್ಲವೂ ಕೆಂಪಾದವು. ಎಷ್ಟೋ ಮನೆಯವರು ಸಾಲ ಮಾಡಿ ಲಾರಿ ಕೊಂಡರು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು; ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತವು, ಸಾಲದ ಕಂತು ನಿಲ್ಲಲಿಲ್ಲ. ಮುಂದೆ ಮಿತಿ ಹಾಕಿ ಗಣಿಗಾರಿಕೆಗೆ ಮತ್ತೆ ಅನುಮತಿ ಸಿಕ್ಕಿತು. ಬೆಟ್ಟ ಕರಗಿಸಿದ ಹಣ ಯಾರದಾಯಿತು, ದೂಳು ಯಾರ ಪಾಲಾಯಿತು ಎಂಬುದನ್ನು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮುಂದಿನ ಕೆಲಸ

ಈ ಮೂರನ್ನು ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಲ್ಲಿನ ರಥಕ್ಕೆ ಕಾವಲುಗಾರರಿದ್ದಾರೆ. ಲಾರಿಯ ಲೆಕ್ಕ ಕೋರ್ಟಿನ ಕಡತಗಳಲ್ಲಿದೆ. ಹರಿಗೋಲಿನ ವಿದ್ಯೆ ಮಾತ್ರ ಕೆಲವೇ ಹಿರಿಯರ ಕೈಯಲ್ಲಿ ಉಳಿದಿದೆ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನವರನ್ನು ಅನುಭವದ ಮಾತಿಗಾಗಿ ಗೌರವಿಸಿದ ನಾಡು ನಮ್ಮದು. ಇಂದಿನ ಅಂಬಿಗರ ಅನುಭವವನ್ನು ಬರೆದಿಡುವವರು ಬೇಕು.

ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಶಾಲೆಯ ಗುರುಗಳಲ್ಲೂ ಹಳೆಯ ವಿದ್ಯಾರ್ಥಿಗಳಲ್ಲೂ ನನ್ನದೊಂದು ವಿನಂತಿ. ಒಂದು ಹರಿಗೋಲನ್ನು ಮಕ್ಕಳ ಎದುರೇ ಹೆಣೆಸಿ ಶಾಲೆಯಲ್ಲಿ ಇಡೋಣ. ಹೆಣೆದವರಿಗೆ ತಕ್ಕ ಕೂಲಿ ಕೊಟ್ಟು ಸನ್ಮಾನಿಸೋಣ. ಬಿದಿರನ್ನು ಯಾವಾಗ ಕಡಿಯಬೇಕು, ಸೀಳುವುದು ಹೇಗೆ, ಸೆಳವನ್ನು ನೋಡಿ ದಾರಿ ಹಿಡಿಯುವುದು ಹೇಗೆ ಎಂಬುದನ್ನು ಮಕ್ಕಳು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಹಾಗೆಯೇ ತಂತಮ್ಮ ಮನೆಯ ಅಜ್ಜ ಅಜ್ಜಿಯರನ್ನು ಕೇಳಿ ಎತ್ತಿನ ಬಂಡಿಯ ನೊಗ, ಅಚ್ಚು, ಕಡೆಗೀಲುಗಳ ಹೆಸರನ್ನೂ ಪಟ್ಟಿ ಮಾಡಲಿ. ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಒಂದು ನೋಟುಪುಸ್ತಕ, ಕೇಳುವ ಕಿವಿ ಇದ್ದರೆ ಸಾಕು. ಹೇಳುವವರು ಇನ್ನೂ ನಮ್ಮ ನಡುವೆ ಇದ್ದಾರೆ.